ಎಣಿಕೆಗೆ ಸಿಕ್ಕವರು, ಸಿಗದವರು: ಉಮರ್ಗಾ, ನಿಲಂಗಾ, ಉದಗೀರ ಗಡಿಯಲ್ಲಿ ಕ್ಯಾನ್ಸರ್ ಸಂಶೋಧನೆಯ ಚರಿತ್ರೆ

ಉಮರ್ಗಾ, ನಿಲಂಗಾ, ಉದಗೀರ ಅಂದ ಕೂಡಲೇ ನಮ್ಮ ವಿಚಾರ ಸಂಕಿರಣಗಳಲ್ಲಿ ಮೂರು ಮಾತು ಬರ್ತವೆ. ಒಂದು, ಕಲ್ಯಾಣದ ಚಾಲುಕ್ಯರ ಕಾಲದ ಗುಡಿ ಮತ್ತು ಶಾಸನಗಳು. ಎರಡು, 1760ರ ಉದಗೀರ ಯುದ್ಧ. ಮೂರು, 1956ರ ರಾಜ್ಯ ಪುನರ್ವಿಂಗಡಣೆ. ಈ ಮೂರರ ಬಗ್ಗೆ ಹಿರಿಯರು ಬೇಕಾದಷ್ಟು ಬರೆದಿದ್ದಾರೆ. ನಾನು ಇವತ್ತು ಮಾತಾಡೋದು ಇನ್ನೊಂದು ಥರದ ದಾಖಲೆಯ ಬಗ್ಗೆ. ಅದು ಕಲ್ಲಿನ ಮೇಲೆ ಇಲ್ಲ, ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದೆ. ಹೆಂಗಸರ ಗರ್ಭಕೋಶದ ಕಂಠದ ಕ್ಯಾನ್ಸರ್ ಬಗ್ಗೆ ಇವತ್ತು ಜಗತ್ತು ತಿಳಿದುಕೊಂಡಿರುವ ಒಂದು ಮುಖ್ಯ ಸಂಗತಿ ಹೊರಬಂದದ್ದು ಉಮರ್ಗಾ ಸೇರಿರುವ ಉಸ್ಮಾನಾಬಾದ ಜಿಲ್ಲೆಯಿಂದ, ಅಂದ್ರೆ ಈಗಿನ ಧಾರಾಶಿವದಿಂದ. ಅದನ್ನು ಕೊಟ್ಟವರು ಆ ಜಿಲ್ಲೆಯ ಹಳ್ಳಿ ಹೆಂಗಸರು. ಅವರಿಗೆ ತಿರುಗಿ ಏನು ಸಿಕ್ಕಿತು ಅನ್ನೋದೇ ನನ್ನ ಪ್ರಶ್ನೆ.

ಮೊದಲು ಗಡಿಯ ವಿಷಯ ಮುಗಿಸೋಣ, ಯಾಕಂದ್ರೆ ಎಣಿಕೆಗೆ ಯಾರು ಸಿಕ್ಕರು ಅನ್ನೋದನ್ನ ನಿರ್ಧರಿಸಿದ್ದು ಅದೇ. ನಿಜಾಮರ ಹೈದರಾಬಾದಿನಲ್ಲಿ ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು. ಈ ಮೂರು ತಾಲೂಕುಗಳು ಮುಂಬೈ ರಾಜ್ಯಕ್ಕೆ ಹೋದವು, ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1982ರ ಆಗಸ್ಟ್ 16ರಂದು ಉಸ್ಮಾನಾಬಾದವನ್ನು ಒಡೆದು ಲಾತೂರ ಜಿಲ್ಲೆ ಮಾಡಿದಾಗ ನಿಲಂಗಾ, ಉದಗೀರ ಅಲ್ಲಿಗೆ ಹೋದವು, ಉಮರ್ಗಾ ಉಸ್ಮಾನಾಬಾದದಲ್ಲೇ ಉಳೀತು. ಮನೆ ಮಾತು ಕನ್ನಡ, ಸಾಲಿ ಮಾತು ಮರಾಠಿ, ಸಂತಿ ಮಾತು ಎರಡೂ. ಇದು ಮೂರೂ ಕಡೆ ಒಂದೇ. ಆದರೆ ಆರೋಗ್ಯದ ಲೆಕ್ಕದಲ್ಲಿ ಈ ಊರುಗಳು ಅಲ್ಲಿಂದಾಚೆಗೆ ಬೇರೆ ಬೇರೆ ಆಗಿಬಿಟ್ಟವು.

1982 ಅನ್ನೋದು ಇನ್ನೆರಡು ಕಾರಣಕ್ಕೆ ಮುಖ್ಯವಾದ ವರ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಬೆಂಗಳೂರು, ಮುಂಬೈ, ಮದ್ರಾಸುಗಳಲ್ಲಿ ಜನಸಂಖ್ಯೆ ಆಧಾರಿತ ಎಣಿಕೆ ಶುರು ಮಾಡಿದ್ದು ಆಗಲೇ. ಬೆಂಗಳೂರಿನಲ್ಲಿ ಆ ಕೆಲಸ ಕಿದ್ವಾಯಿ ಸಂಸ್ಥೆಯದು. ಮುಂಬೈಗೆ ಇದು ಹೊಸದೇನಲ್ಲ, 1963ರಿಂದಲೇ ಡಾ. ಜಸ್ಸಾವಾಲಾ ಅವರು ಕಟ್ಟಿದ ನೋಂದಣಿ ಅಲ್ಲಿತ್ತು. ಮೂರೂ ದೊಡ್ಡ ಶಹರಗಳು. ಹಳ್ಳಿಯ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಅದೇ ವರ್ಷ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಡಾ. ಬಿ. ಎಂ. ನೇನೆ ಅವರ ಮುಂದಾಳುತನದಲ್ಲಿ ಒಂದು ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು. ಹಿಂದಿನ ವರ್ಷ ಕ್ಯಾನ್ಸರಿನಿಂದ ತೀರಿಕೊಂಡಿದ್ದ ನಟಿ ನರ್ಗೀಸ್ ದತ್ ಅವರ ಹೆಸರು ಈಗ ಅದಕ್ಕಿದೆ. ಈ ಆಸ್ಪತ್ರೆ ಮತ್ತು ಮುಂಬೈಯ ಟಾಟಾ ಸ್ಮಾರಕ ಕೇಂದ್ರ ಸೇರಿ 1987ರಲ್ಲಿ ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳಿಗೆ ಕ್ಯಾನ್ಸರ್ ನೋಂದಣಿ ಆರಂಭಿಸಿದವು. ಅದು ದೇಶದ ಮೊದಲ ಗ್ರಾಮೀಣ ನೋಂದಣಿ.

ಇಲ್ಲಿ ನಾನು ಒಬ್ಬ ಸಂಶೋಧಕರ ವೃತ್ತಿಜೀವನವನ್ನು ಹಿಡಿದು ಮುಂದೆ ಹೋಗ್ತೀನಿ: ಡಾ. ಕಸ್ತೂರಿ ಜಯಂತ್. ವಿಜ್ಞಾನದ ಚರಿತ್ರೆ ಬರೆಯುವವರು ಆಸ್ಪತ್ರೆ ಕಟ್ಟಿದವರ ಹೆಸರು ನೆನಪಿಡ್ತಾರೆ, ಲೆಕ್ಕ ಇಟ್ಟವರ ಹೆಸರು ಬಿಟ್ಟುಬಿಡ್ತಾರೆ. ಜಯಂತ್ ಅವರು ಲೆಕ್ಕ ಇಟ್ಟವರು. 1977ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಅವರ ಒಂದು ಲೇಖನ ಬಂತು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನಲ್ಲಿ ತಂಬಾಕು ಜಗಿಯುವುದರ ಪಾಲೆಷ್ಟು, ಸೇದುವುದರ ಪಾಲೆಷ್ಟು ಅನ್ನೋದನ್ನ ಅಳತೆ ಮಾಡಿ ಹೇಳಿದ ಲೇಖನ ಅದು. ಎಂಬತ್ತರ ದಶಕದ ಕೊನೆಗೆ ಅವರ ಕೆಲಸ ಬಾರ್ಶಿಯ ಹಳ್ಳಿಗಳ ಕಡೆ ತಿರುಗಿತು.

ಹಳ್ಳಿಯಲ್ಲಿ ಎಣಿಸೋದು ಶಹರದಲ್ಲಿ ಎಣಿಸಿದ ಹಾಗಲ್ಲ. ಶಹರದಲ್ಲಾದರೆ ನೋಂದಣಿಯವರು ಆಸ್ಪತ್ರೆಗಳಿಗೆ, ಪ್ರಯೋಗಾಲಯಗಳಿಗೆ ಹೋಗ್ತಾರೆ, ನಗರಪಾಲಿಕೆಯ ಮರಣ ಪತ್ರ ನೋಡ್ತಾರೆ, ಹೆಚ್ಚು ಕಡಿಮೆ ಎಲ್ಲರೂ ಸಿಗ್ತಾರೆ. ಹಳ್ಳಿಯ ಹೆಣ್ಣುಮಗಳು ಆಸ್ಪತ್ರೆಗೇ ಹೋಗದೆ ಸತ್ತರೆ ಯಾವ ಕಾಗದದಲ್ಲೂ ಸಿಗೋದಿಲ್ಲ. ಸಾವಿನ ನೋಂದಣಿ ಇದ್ದರೂ ಕಾರಣದ ಖಾನೆಯಲ್ಲಿ ‘ಹೊಟ್ಟೆನೋವು’, ‘ಮುಪ್ಪು’ ಅಂತ ಇರ್ತದೆ. ಹಂಗಾಗಿ ಬಾರ್ಶಿಯವರು ಕ್ಷೇತ್ರ ಸಿಬ್ಬಂದಿಯನ್ನು ಊರೂರಿಗೆ ಕಳಿಸಿದರು. ಅವರು ಊರಿನ ಹಿರಿಯರನ್ನು, ಮಾಸ್ತರರನ್ನು, ಆರೋಗ್ಯ ಕಾರ್ಯಕರ್ತೆಯರನ್ನು ಕಂಡು, ಇಂಥಿಂಥ ಲಕ್ಷಣ ಇದ್ದವರು ಯಾರಾದರೂ ಇದ್ದಾರೇನು ಅಂತ ಕೇಳಬೇಕು. ಇದ್ದರೆ ಆಸ್ಪತ್ರೆಗೆ ಕರೆತರುವ ವ್ಯವಸ್ಥೆ ಮಾಡಬೇಕು. ಕೇಳೋದು ಅಂದ್ರೂ ಸುಲಭ ಅಲ್ಲ. ಮರಾಠಿಯಲ್ಲಿ ‘ಅಂಗಾವರೂನ್ ಜಾಣೆ’, ನಮ್ಮಲ್ಲಿ ‘ಬಿಳಿ ಹೋಗೋದು’. ಈ ಮಾತನ್ನು ಹೆಂಗಸರು ಅತ್ತಿ ಎದುರಿಗೂ ಆಡೋದಿಲ್ಲ, ಕಾಗದ ಹಿಡಿದು ಬಂದವರ ಎದುರಿಗೆ ಆಡ್ತಾರೇನು?

ಆದರೂ ಕೆಲಸ ನಡೀತು. ಒಂದು ವಿಚಿತ್ರವೂ ಆಯಿತು. ಎಣಿಸೋಕೆ ಹೋದವರು ಲಕ್ಷಣ ವಿವರಿಸುತ್ತಾ ಹೋದದ್ದರಿಂದ ಹೆಂಗಸರು ಮೊದಲಿಗಿಂತ ಬೇಗ ಆಸ್ಪತ್ರೆಗೆ ಬರೋಕೆ ಶುರು ಮಾಡಿದರು. ತಿಳಿವಳಿಕೆ ಹೆಚ್ಚಿದಂತೆ ಕ್ಯಾನ್ಸರ್ ಇನ್ನೂ ಮುಂಚಿನ ಹಂತದಲ್ಲೇ ಪತ್ತೆಯಾಗ್ತಿದೆ ಅಂತ ಜಯಂತ್, ನೇನೆ ಮತ್ತು ಜೊತೆಗಾರರು 1995ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಬರೆದರು. ಯಾವ ಯಂತ್ರವೂ ಇಲ್ಲ, ಬರೀ ಮಾತು. ಅವರ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಲೇಖನ ಇದೇ. ಆದರೆ ಇದನ್ನು ಉಲ್ಲೇಖಿಸುವವರು ಕಡಿಮೆ.

ಇನ್ನು ‘ಉಳಿದವರು’ ಅನ್ನೋ ಪದಕ್ಕೆ ಬರ್ತೀನಿ. ಇಂಗ್ಲಿಷಿನಲ್ಲಿ ಸರ್ವೈವಲ್ ಬೇರೆ, ಸರ್ವೈವರ್‌ಶಿಪ್ ಬೇರೆ. ಮೊದಲನೆಯದು ಅಂಕಿ: ರೋಗ ಪತ್ತೆಯಾಗಿ ಐದು ವರ್ಷಕ್ಕೆ ನೂರರಲ್ಲಿ ಎಷ್ಟು ಮಂದಿ ಬದುಕಿದ್ದಾರೆ. ಎರಡನೆಯದು ಬದುಕು. 1985ರಲ್ಲಿ ಅಮೆರಿಕದ ಫಿಟ್ಸ್‌ಹ್ಯೂ ಮಲನ್ ಎಂಬ ವೈದ್ಯರು, ತಾವೇ ಕ್ಯಾನ್ಸರ್ ದಾಟಿದವರು, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಸಣ್ಣ ಬರಹ ಬರೆದರು. ವಾಸಿಯಾಯಿತು, ಆಗಲಿಲ್ಲ ಅಂತ ಎರಡೇ ಖಾನೆ ಮಾಡಿದರೆ ಸಾಲದು, ಚಿಕಿತ್ಸೆಯ ಆಮೇಲಿನ ಕಾಲಕ್ಕೂ ತನ್ನದೇ ಸುಖದುಃಖ ಇದೆ ಅನ್ನೋದು ಅವರ ಮಾತು. ಅಲ್ಲಿಂದ ಅದು ಒಂದು ಅಧ್ಯಯನ ಕ್ಷೇತ್ರವೇ ಆಯಿತು. ನಮ್ಮ ಭಾಗದಲ್ಲಿ ಮೊದಲನೆಯದೇ, ಅಂದ್ರೆ ಅಂಕಿಯೇ ಕಷ್ಟದಿಂದ ಬಂತು. ಲಿಯಾನ್ ನಗರದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1998ರಲ್ಲಿ ಅಭಿವೃದ್ಧಿಶೀಲ ದೇಶಗಳ ಬದುಕುಳಿವಿನ ಸಂಪುಟ ತಂದಾಗ, ಬೆಂಗಳೂರು, ಮುಂಬೈ, ಮದ್ರಾಸುಗಳ ಸಾಲಿನಲ್ಲಿ ಬಾರ್ಶಿಯ ಹೆಸರೂ ಇತ್ತು. 2011ರ ಮುಂದಿನ ಸಂಪುಟದಲ್ಲೂ ಬಾರ್ಶಿಯ ಅಧ್ಯಾಯ ಇದೆ, ಜಯಂತ್ ಅವರೇ ಮೊದಲ ಲೇಖಕರು. ರೋಗಿ ಬದುಕಿದ್ದಾಳೋ ಇಲ್ಲವೋ ಅಂತ ತಿಳಿಯಲು ಅವಳ ಮನೆ ಬಾಗಿಲಿಗೇ ಹೋಗಬೇಕಿತ್ತು ಅನ್ನೋದನ್ನ ಮರೆಯಬಾರದು.

ಈಗ ಉಸ್ಮಾನಾಬಾದ ಜಿಲ್ಲೆಯ ದೊಡ್ಡ ಅಧ್ಯಯನಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಅಂಕಿಗಳು ಬಹಳ ಇವೆ.

1980ರ ದಶಕದ ಮೊದಲಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಮತ್ತು ಸಂಗಡಿಗರು ಗರ್ಭಕೋಶದ ಕಂಠದ ಗಡ್ಡೆಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಕಂಡುಹಿಡಿದರು. 2008ರ ನೊಬೆಲ್ ಬಂದದ್ದು ಇದಕ್ಕೇ. ಅಂದ್ರೆ ಈ ಕ್ಯಾನ್ಸರ್ ಹುಟ್ಟುವ ಮೊದಲೇ ವೈರಸ್ಸಿನ ಡಿಎನ್‌ಎ ಹುಡುಕಿ ಎಚ್ಚರ ಹೇಳಬಹುದು. ಜೀನೋಮಿಕ್ಸ್ ಅಂದ ಕೂಡಲೇ ನಾವು ಮನುಷ್ಯನ ವಂಶವಾಹಿ, ತಾಯಿಯಿಂದ ಮಗಳಿಗೆ ಬರುವ ದೋಷ ಅಂತೆಲ್ಲ ಯೋಚಿಸ್ತೀವಿ. ಮರಾಠವಾಡದ ಹಳ್ಳಿಗೆ ಡಿಎನ್‌ಎ ವಿಜ್ಞಾನ ಬಂದದ್ದು ವೈರಸ್ಸಿನ ಡಿಎನ್‌ಎ ಹುಡುಕುವ ಪರೀಕ್ಷೆಯಾಗಿ, ಒಂದು ಸಣ್ಣ ಬ್ರಷ್ಷಿನ ತುದಿಯಲ್ಲಿ.

1999ರಲ್ಲಿ ಅಧ್ಯಯನ ಶುರುವಾಯಿತು. ಲಿಯಾನಿನ ಸಂಸ್ಥೆಯ ಡಾ. ಆರ್. ಶಂಕರನಾರಾಯಣನ್, ಬಾರ್ಶಿಯ ನೇನೆ, ಟಾಟಾ ಕೇಂದ್ರದ ಡಾ. ಶಾಸ್ತ್ರಿ, ಜಯಂತ್ ಮತ್ತಿತರರ ತಂಡ. ಜಿಲ್ಲೆಯ ಹಳ್ಳಿಗಳನ್ನು 52 ಗುಂಪು ಮಾಡಿದರು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರು. ಚೀಟಿ ಎತ್ತಿದ ಹಾಗೆ ಗುಂಪುಗಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ವೈರಸ್ಸಿನ ಡಿಎನ್‌ಎ ಪರೀಕ್ಷೆ. ಇನ್ನೊಂದಕ್ಕೆ ಹಳೆಯ ಪ್ಯಾಪ್ ಪರೀಕ್ಷೆ, ಅಂದ್ರೆ ಜೀವಕೋಶ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡೋದು. ಮೂರನೆಯದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಅಗ್ಗದ ವಿಧಾನ. ಅಡುಗೆಮನೆಯ ವಿನೆಗರ್ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ನಾಲ್ಕನೆಯ ಪಾಲಿನ 31,488 ಹೆಂಗಸರಿಗೆ ಯಾವ ತಪಾಸಣೆಯೂ ಇಲ್ಲ, ಎಂದಿನ ವ್ಯವಸ್ಥೆ ಏನಿದೆಯೋ ಅಷ್ಟೇ. ತಪಾಸಣೆಗೆ ಕರೆದವರಲ್ಲಿ ನೂರಕ್ಕೆ ಸುಮಾರು 79 ಜನ ಬಂದರು. ಮೈ ತೋರಿಸಬೇಕಾದ ಪರೀಕ್ಷೆಗೆ, ಹೊಲದ ಕೂಲಿ ಬಿಟ್ಟು, ನೂರಕ್ಕೆ 79 ಜನ! ‘ಹಿಂದುಳಿದ ಪ್ರದೇಶ, ಜನ ಸಹಕರಿಸೋದಿಲ್ಲ’ ಅನ್ನುವವರು ಈ ಅಂಕಿ ನೋಡಬೇಕು.

ಫಲಿತಾಂಶ 2009ರ ಏಪ್ರಿಲ್ 2ರಂದು ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು, ಮಲನ್ ಅವರ ಬರಹ ಬಂದಿದ್ದ ಅದೇ ಪತ್ರಿಕೆ. ಡಿಎನ್‌ಎ ಪರೀಕ್ಷೆಯ ಪಾಲಿನಲ್ಲಿ 34,126 ಹೆಂಗಸರು. ಅವರಲ್ಲಿ 127 ಜನರಿಗೆ ಕ್ಯಾನ್ಸರ್ ಪತ್ತೆಯಾಯಿತು. ಎರಡನೆಯ ಹಂತ ಅಥವಾ ಅದರಾಚೆಗೆ ಹೋದದ್ದು 39 ಜನರಲ್ಲಿ. ಇದೇ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಇಲ್ಲದ ಪಾಲಿನಲ್ಲಿ 118 ಜನರಿಗೆ ಕ್ಯಾನ್ಸರ್, ಮುಂದುವರಿದದ್ದು 82, ಸತ್ತವರು 64. ಜೀವನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆ ಸಾವನ್ನು ಹತ್ತಿರತ್ತಿರ ಅರ್ಧಕ್ಕೆ ಇಳಿಸಿತ್ತು. ಪ್ಯಾಪ್ ಮತ್ತು ಬರಿಗಣ್ಣಿನ ವಿಧಾನಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಇನ್ನೊಂದು ಅಂಶ: ‘ನಿಮಗೇನೂ ಇಲ್ಲ’ ಅಂತ ಹೇಳಿಸಿಕೊಂಡು ಮನೆಗೆ ಹೋದ ಹೆಂಗಸರಲ್ಲಿ ಆಮೇಲೆ ಕ್ಯಾನ್ಸರ್ ಬಂದ ಪ್ರಮಾಣ, ಡಿಎನ್‌ಎ ಪರೀಕ್ಷೆಯವರಿಗೆ ಹೋಲಿಸಿದರೆ ಉಳಿದೆರಡು ವಿಧಾನಗಳಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು. ಅಂದ್ರೆ ಡಿಎನ್‌ಎ ಪರೀಕ್ಷೆ ಕೊಟ್ಟ ಭರವಸೆ ಗಟ್ಟಿ ಭರವಸೆ.

ಈ ಅಂಕಿಗಳನ್ನು ಎಲ್ಲರೂ ಸಾವಿನ ಕಡೆಯಿಂದ ಓದ್ತಾರೆ. ನಾನು ಉಳಿದವರ ಕಡೆಯಿಂದ ಓದ್ತೀನಿ. 127ರಲ್ಲಿ 34 ಕಳೆದರೆ 93. 118ರಲ್ಲಿ 64 ಕಳೆದರೆ 54. ಈ ಕ್ಯಾನ್ಸರಿಗೆ ಬಲಿಯಾಗದೆ ಉಳಿದ ಹೆಂಗಸರು ಇವರು. ಇವರು ಹೆಂಗೆ ಬದುಕಿದರು? ವಿಕಿರಣ ಚಿಕಿತ್ಸೆ ಆದ ಮೇಲೆ ಮೂತ್ರಕೋಶ, ಕರುಳಿನ ತೊಂದರೆ ವರ್ಷಗಟ್ಟಲೆ ಇರಬಹುದು, ಮುಟ್ಟು ನಿಲ್ಲುತ್ತದೆ, ಗಂಡಹೆಂಡಿರ ಸಂಬಂಧ ಬದಲಾಗುತ್ತದೆ. ಕಳೆ ತೆಗೆಯೋಕೆ, ಕೊಡ ಹೊರೋಕೆ ಆಗದ ಸೊಸೆಯನ್ನು ಮನೆ ಹೆಂಗೆ ನೋಡ್ತದೆ ಅನ್ನೋದು ನಿಮಗೇ ಗೊತ್ತು. ಆ ವರದಿಯಲ್ಲಿ ಇದಕ್ಕೆ ಖಾನೆ ಇಲ್ಲ. ಮಾತೃಭಾಷೆಗೂ ಖಾನೆ ಇಲ್ಲ. ಆ ಲಕ್ಷದ ಮೂವತ್ತೊಂದು ಸಾವಿರದಲ್ಲಿ ಕನ್ನಡದ ಮನೆಗಳವರು ಎಷ್ಟು ಅಂತ ಅದರಿಂದ ಹೇಳಲಾಗದು. ವೈದ್ಯಕೀಯ ಪ್ರಯೋಗದ ಕೆಲಸ ಅದಲ್ಲ, ಒಪ್ಪೋಣ. ಹಂಗಾದರೆ ಅದು ಚರಿತ್ರೆಕಾರರ ಕೆಲಸ, ನಾವು ಮಾಡಿಲ್ಲ.

64 ಸಾವುಗಳ ಮಾತನ್ನೂ ಆಡಲೇಬೇಕು. ಎರಿಕ್ ಸೂಬಾ ಎಂಬ ಅಮೆರಿಕದ ವೈದ್ಯರು 2014ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್‌ನಲ್ಲಿ ಖಾರವಾಗಿ ಬರೆದರು. ತಪಾಸಣೆಯಿಂದ ಜೀವ ಉಳಿಯುತ್ತದೆ ಅಂತ ದಶಕಗಳಿಂದ ಗೊತ್ತಿರುವಾಗ ಸಾವಿರಾರು ಹೆಂಗಸರನ್ನು ತಪಾಸಣೆ ಇಲ್ಲದೆ ಬಿಟ್ಟು ಸಾವು ಎಣಿಸಿದ್ದು ತಪ್ಪು ಎಂದರು. ಉಸ್ಮಾನಾಬಾದ, ಮುಂಬೈ, ತಮಿಳುನಾಡಿನ ಮೂರು ಅಧ್ಯಯನಗಳ ಹೋಲಿಕೆ ಪಾಲುಗಳಲ್ಲಿ 254 ಸಾವು ಎಂದು ಲೆಕ್ಕ ಕೊಟ್ಟರು. ಸಂಶೋಧಕರ ಕಡೆಯ ಉತ್ತರ: ದೇಶದಲ್ಲಿ ಸರ್ಕಾರದ ತಪಾಸಣೆಯೇ ಇರಲಿಲ್ಲ, ಎಂದಿನ ವ್ಯವಸ್ಥೆ ಅಂದ್ರೆ ಏನೂ ಇಲ್ಲ ಅನ್ನೋದೇ ಆಗಿತ್ತು, ಯಾವುದು ಉಪಯೋಗ ಅಂತ ಸಾಬೀತಾಗದೆ ಸರ್ಕಾರ ದುಡ್ಡು ಹಾಕೋದಿಲ್ಲ. ನನಗನಿಸೋದು, ಇಬ್ಬರ ಮಾತಿನಲ್ಲೂ ತೂಕ ಇದೆ, ಆದರೆ ಎರಡನೆಯ ವಾದ ನಿಲ್ಲಬೇಕಾದರೆ ಒಂದು ಷರತ್ತು ಇದೆ. ಸಾಬೀತಾದ ಮೇಲೆ ಸರ್ಕಾರ ಆ ಪರೀಕ್ಷೆಯನ್ನು ಅದೇ ಹೆಂಗಸರ ಊರಿಗೆ ತರಬೇಕು.

ತಂದರಾ? 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತಪಾಸಣೆಯ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಆರಿಸಿದ್ದು ಬರಿಗಣ್ಣಿನ ವಿಧಾನ, ಐದು ವರ್ಷಕ್ಕೊಮ್ಮೆ. ಮುಂಬೈ ಮತ್ತು ದಿಂಡಿಗಲ್ ಅಧ್ಯಯನಗಳಲ್ಲಿ ಆ ವಿಧಾನದಿಂದ ಸಾವು ಕಡಿಮೆಯಾದದ್ದು ನಿಜ, ಅಗ್ಗ ಅನ್ನೋದೂ ನಿಜ. ಆದರೂ ಉಸ್ಮಾನಾಬಾದದಲ್ಲಿ ಫಲ ಕೊಡದ ವಿಧಾನವೇ ಉಸ್ಮಾನಾಬಾದಕ್ಕೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಡಿಎನ್‌ಎ ಪರೀಕ್ಷೆಯೇ ಮೊದಲ ಆಯ್ಕೆ ಅಂತ ಇಡೀ ಜಗತ್ತಿಗೆ ಹೇಳಿತು.

ಲಸಿಕೆಯದೂ ಇಂಥದೇ ಕಥೆ. 2009ರಲ್ಲಿ ಬಾರ್ಶಿ ಸೇರಿ ದೇಶದ ಒಂಬತ್ತು ಕಡೆ, ಎರಡು ಡೋಸ್ ಸಾಕೋ ಮೂರು ಬೇಕೋ ಅಂತ ನೋಡುವ ಅಧ್ಯಯನ ಆರಂಭವಾಯಿತು. ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಯೋಜನೆಯ ವಿವಾದ ಖಮ್ಮಂ, ವಡೋದರಾಗಳಲ್ಲಿ ಎದ್ದಾಗ, 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಅಷ್ಟರಲ್ಲಿ 17,729 ಹುಡುಗಿಯರಿಗೆ ಲಸಿಕೆ ಶುರುವಾಗಿತ್ತು. ಕೆಲವರಿಗೆ ಮೂರು ಡೋಸ್, ಕೆಲವರಿಗೆ ಎರಡು, 4,950 ಜನರಿಗೆ ಒಂದೇ ಒಂದು. ಯಾರೂ ಬಯಸದೆ ಹುಟ್ಟಿದ ಗುಂಪು ಇದು. ಅವರನ್ನು ವರ್ಷಗಟ್ಟಲೆ ಗಮನಿಸಿದಾಗ ಒಂದು ಡೋಸೂ ಸುಮಾರು ಅಷ್ಟೇ ರಕ್ಷಣೆ ಕೊಡುತ್ತದೆ ಅಂತ ಗೊತ್ತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೊಟ್ಟರೂ ನಡೆಯುತ್ತದೆ ಅಂದದ್ದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಇದೂ ಒಂದು.

ಜಗತ್ತಿಗೆ ಇಷ್ಟು ತಿಳಿವಳಿಕೆ ಕೊಟ್ಟ ನೆಲದ ಪಕ್ಕದಲ್ಲೇ ಇನ್ನೊಂದು ನಡೀತಿತ್ತು. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರ ‘ಪಿಶವಿ’ ತೆಗೆಸುವ ದಂಧೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ 82,309 ಹೆಂಗಸರನ್ನು ವಿಚಾರಿಸಿತು. 13,861 ಜನರಿಗೆ ಗರ್ಭಚೀಲ ಇರಲಿಲ್ಲ. ‘ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದೆ’ ಅಂತ ಹೆದರಿಸಿದರು ಅಂತ ಹೆಂಗಸರು ಹೇಳಿದರು. ನಮ್ಮ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದಲೂ ಇಂಥ ದೂರು ಎದ್ದಿದ್ದವು. ಬಿಳಿ ಹೋಗ್ತದೆ ಅಂತ ಬಂದವಳಿಗೆ ಒಂದು ಬ್ರಷ್ಷಿನ ಪರೀಕ್ಷೆ ಸಾಕಿತ್ತು. ಪರೀಕ್ಷೆ ಬರಲಿಲ್ಲ, ಕತ್ತರಿ ಬಂತು.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದ್ದಾರೆ: ‘ನಿಲಂಗಾ, ಉದಗೀರದ ಬಗ್ಗೆ ಏನೂ ಹೇಳಲಿಲ್ಲವಲ್ಲ?’ ಹೌದ್ರಿ, ಹೇಳೋಕೆ ಲೆಕ್ಕವೇ ಇಲ್ಲ. 2020ರಲ್ಲಿ ಬಂದ ರಾಷ್ಟ್ರೀಯ ವರದಿಯಲ್ಲಿ 28 ಜನಸಂಖ್ಯಾ ನೋಂದಣಿಗಳಿವೆ. ಮಹಾರಾಷ್ಟ್ರದಿಂದ ಬಾರ್ಶಿ ಇದೆ, ‘ಉಸ್ಮಾನಾಬಾದ ಮತ್ತು ಬೀಡ’ ಇದೆ, ಲಾತೂರ ಇಲ್ಲ. ಕರ್ನಾಟಕದಿಂದ ಬೆಂಗಳೂರು ಒಂದೇ. ಬೀದರ ಇಲ್ಲ, ಕಲಬುರಗಿ ಇಲ್ಲ. ಉಮರ್ಗಾ ಉಸ್ಮಾನಾಬಾದದಲ್ಲಿ ಉಳಿದದ್ದಕ್ಕೆ ಎಣಿಕೆಯೊಳಗೆ ಬಂತು. ನಿಲಂಗಾ, ಉದಗೀರ 1982ರಲ್ಲಿ ಲಾತೂರಕ್ಕೆ ಹೋದದ್ದಕ್ಕೆ ಹೊರಗಾದವು. ಬೀದರದಲ್ಲೇ ಉಳಿದಿದ್ದರೂ ಹೊರಗೇ ಇರ್ತಿದ್ದವು. ಇನ್ನೊಂದು ನಿಯಮ ಇದೆ: ಜನಸಂಖ್ಯಾ ನೋಂದಣಿಯಲ್ಲಿ ಸೇರಬೇಕಾದರೆ ಆ ಪ್ರದೇಶದಲ್ಲಿ ಒಂದು ವರ್ಷವಾದರೂ ವಾಸ ಇರಬೇಕು. ಉದಗೀರದ ಹೆಣ್ಣುಮಗಳು ಬೀದರಕ್ಕೋ, ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ, ಹೈದರಾಬಾದಿಗೋ ಹೋದರೆ ಅಲ್ಲಿ ಅವಳು ಹೊರಗಿನವಳು. ಊರಲ್ಲಿ ನೋಂದಣಿಯೇ ಇಲ್ಲ.

ಇನ್ನೊಬ್ಬರು, ‘ಮುಂದೇನು?’ ಅಂತ ಕೇಳಿದ್ದಾರೆ. 1999ರಲ್ಲಿ ಮೂವತ್ತು ವರ್ಷದವರಾಗಿದ್ದವರಿಗೆ 2025ಕ್ಕೆ 56, ಐವತ್ತೊಂಬತ್ತು ಇದ್ದವರಿಗೆ 85. ಬಹಳ ಜನ ಇನ್ನೂ ಇದ್ದಾರೆ. ಊರೂರು ತಿರುಗಿದ ಕ್ಷೇತ್ರ ಸಿಬ್ಬಂದಿಯೂ ಈಗ ನಿವೃತ್ತಿಯ ವಯಸ್ಸಿನವರು. ಗಡಿಭಾಗದ ಕಾಲೇಜುಗಳ ಕನ್ನಡ, ಮರಾಠಿ ವಿಭಾಗಗಳ ಹುಡುಗಿಯರು ಎರಡೂ ಭಾಷೆ ಬಲ್ಲವರು. ಅವರಿಗೆ ಮೌಖಿಕ ಚರಿತ್ರೆಯ ತರಬೇತಿ ಕೊಟ್ಟು ಉಮರ್ಗಾ ತಾಲೂಕಿನಿಂದ ಶುರು ಮಾಡಬಹುದು. ರೋಗಿಗಳ ಹೆಸರು, ಊರು ಎಲ್ಲೂ ಹೊರಗೆ ಬರಬಾರದು, ಅದು ಮೊದಲನೆಯ ನಿಯಮ. ಮೊದಲನೆಯ ಪ್ರಶ್ನೆಯೂ ಸರಳವಾಗಿರಲಿ: ‘ಆವತ್ತು ತಪಾಸಣೆಗೆ ಕರೆಯೋಕೆ ಬಂದವರು ನಿಮಗ ಯಾವ ಮಾತಿನ್ಯಾಗ ಹೇಳಿದ್ರು, ನೀವು ಏನ್ ತಿಳ್ಕೊಂಡ್ರಿ?’